ರಕ್ತದ ಗುಂಪು 1901ರಲ್ಲೇ ಸಿಕ್ಕಿತ್ತು. ಹಾಗಿದ್ದೂ ರಕ್ತ ಏರಿಸುವುದು ಯಾಕೆ ಅಷ್ಟು ತಡವಾಯಿತು?

ಹಳೆಯ ಪುಟಗಳು:

ರಕ್ತ ಏರಿಸುವುದರ ಚರಿತ್ರೆಯನ್ನು ಸಾಮಾನ್ಯವಾಗಿ ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಿಂದೆ ಕುರಿ, ಕರುಗಳ ರಕ್ತ ಹಾಕಿ ಜನರನ್ನು ಕೊಂದರು. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪು ಕಂಡುಹಿಡಿದರು. ಆಮೇಲೆ ಎಲ್ಲ ಸರಿಹೋಯಿತು.

ಈ ಮೂರನೇ ಮಾತನ್ನು ನಾನು ಒಪ್ಪುವುದಿಲ್ಲ. ಲ್ಯಾಂಡ್‌ಸ್ಟೈನರ್ ವಿಯೆನ್ನಾದಲ್ಲಿ ಆ ಲೇಖನ ಬರೆದು ಹತ್ತು ವರ್ಷ ಕಳೆದರೂ ಗುಂಪು ನೋಡದೆಯೇ ರಕ್ತ ಹಾಕುವ ಡಾಕ್ಟರುಗಳಿದ್ದರು. ಲ್ಯಾಂಡ್‌ಸ್ಟೈನರ್‌ಗೆ ನೊಬೆಲ್ ಬಂದದ್ದು 1930ರಲ್ಲಿ. ಉತ್ತರ ಕೈಯಲ್ಲಿದ್ದೂ ಯಾಕೆ ಬಳಸಲಿಲ್ಲ?

ನನಗೆ ಅನಿಸುವುದು ಇಷ್ಟು. ಗುಂಪು ಹೊಂದುವುದು ಒಂದು ಗಂಟು. ರಕ್ತ ಹೆಪ್ಪುಗಟ್ಟುವುದು ಇನ್ನೊಂದು ಗಂಟು, ಅದು ಇನ್ನೂ ಬಿಗಿ. ಆ ಎರಡನೆಯದು ಬಿಚ್ಚುವವರೆಗೂ ಮೊದಲನೆಯದು ಬಿಚ್ಚಿ ಜಾಸ್ತಿ ಪ್ರಯೋಜನ ಇರಲಿಲ್ಲ. ಅದನ್ನು ಬಿಚ್ಚಿದ್ದು ಸೋಡಿಯಂ ಸಿಟ್ರೇಟ್ ಎಂಬ ಒಂದು ಸಾಮಾನ್ಯ ಲವಣ. ಲ್ಯಾಂಡ್‌ಸ್ಟೈನರ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಸಿಟ್ರೇಟ್ ಬಳಸಿ ತೋರಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ. ಇದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ಮೊದಲಿಂದ ಹೇಳುತ್ತೇನೆ. ರಕ್ತ ಮೈಯಲ್ಲಿ ಸುತ್ತುತ್ತದೆ ಎಂದು ವಿಲಿಯಂ ಹಾರ್ವಿ ಪುಸ್ತಕ ಬರೆದದ್ದು 1628ರಲ್ಲಿ. 1656ರ ಹೊತ್ತಿಗೆ ಕ್ರಿಸ್ಟೋಫರ್ ರೆನ್ ಹಕ್ಕಿಯ ಗರಿಯನ್ನೇ ಕೊಳವೆ ಮಾಡಿಕೊಂಡು ನಾಯಿಯ ರಕ್ತನಾಳಕ್ಕೆ ಔಷಧಿ ಹಾಕಿದರು. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಅದೇ ರೆನ್. ಆಮೇಲೆ ಆಕ್ಸ್‌ಫರ್ಡಿನ ರಿಚರ್ಡ್ ಲೋವರ್ ಒಂದು ನಾಯಿಯ ರಕ್ತವನ್ನು ಸಾಯುವ ಮಟ್ಟಕ್ಕೆ ಬಸಿದು, ಇನ್ನೊಂದು ನಾಯಿಯಿಂದ ನೇರವಾಗಿ ರಕ್ತ ಹರಿಸಿ ಬದುಕಿಸಿದರು. ಆ ವರದಿ 1666ರಲ್ಲಿ ಅಚ್ಚಾಯಿತು.

ಮರುವರ್ಷ ಜೂನ್ 15ರಂದು ಪ್ಯಾರಿಸ್ಸಿನಲ್ಲಿ ಜಾನ್-ಬಾಪ್ಟಿಸ್ಟ್ ಡೆನಿ ಎಂಬ ವೈದ್ಯ 15 ವರ್ಷದ ಹುಡುಗನಿಗೆ ಕುರಿಮರಿಯ ರಕ್ತ ಹಾಕಿದರು. ಜ್ವರ ಬಂತೆಂದು ಆ ಹುಡುಗನ ರಕ್ತವನ್ನು ಅದಾಗಲೇ ಇಪ್ಪತ್ತು ಸಲ ಬಸಿದಿದ್ದರು. ಅವನು ಬದುಕಿದ. ಧೈರ್ಯ ಬಂತು. ಅದೇ ನವೆಂಬರಿನಲ್ಲಿ ಲಂಡನ್ನಿನಲ್ಲಿ ಲೋವರ್ ಮತ್ತು ಎಡ್ಮಂಡ್ ಕಿಂಗ್ ಸೇರಿ ಆರ್ಥರ್ ಕೋಗಾ ಎಂಬಾತನಿಗೆ ಕುರಿಯ ರಕ್ತ ಹಾಕಿದರು. ಅವನಿಗೆ ಕೊಟ್ಟದ್ದು 20 ಶಿಲ್ಲಿಂಗ್. ಅವನೂ ಬದುಕಿದ.

ಇಲ್ಲಿ ಒಂದು ಮಾತು ಗಮನಿಸಬೇಕು. ಇವರಲ್ಲಿ ಯಾರಿಗೂ ರಕ್ತ ಸೋರಿ ಸಾಯುವವರನ್ನು ಉಳಿಸುವ ಉದ್ದೇಶ ಇರಲಿಲ್ಲ. ರಕ್ತದಲ್ಲಿ ಸ್ವಭಾವ ಇರುತ್ತದೆ ಅಂತ ನಂಬಿದ್ದರು. ಕುರಿ, ಕರು ಸಾಧು ಪ್ರಾಣಿ, ಅವುಗಳ ರಕ್ತ ಹೋದರೆ ಹುಚ್ಚು ಇಳಿಯುತ್ತದೆ ಅಂತ ಲೆಕ್ಕ. ಹಾಗಾಗಿಯೇ 1667ರ ಡಿಸೆಂಬರಿನಲ್ಲಿ ಆಂಟ್ವಾನ್ ಮೊರ್ವಾ ಎಂಬ ಮಾನಸಿಕ ಅಸ್ವಸ್ಥನನ್ನು ಡೆನಿ ಹತ್ತಿರ ತಂದರು. ಅವನಿಗೆ ಹಾಕಿದ್ದು ಕರುವಿನ ರಕ್ತ.

ಮೊದಲ ಸಲ ಅಂಥದ್ದೇನೂ ಆಗಲಿಲ್ಲ. ಎರಡನೇ ಸಲ ಇನ್ನೂ ಜಾಸ್ತಿ ಹಾಕಿದರು. ತೋಳು ಸುಟ್ಟ ಹಾಗೆ ಬಿಸಿಯಾಯಿತು. ನಾಡಿ ಏರಿತು. ಮುಖದ ತುಂಬಾ ಬೆವರು. ಸೊಂಟದ ಹಿಂಭಾಗದಲ್ಲಿ ನೋವು, ಆಮೇಲೆ ವಾಂತಿ. ಮರುದಿನ ಮೂತ್ರ ಚಿಮಣಿಯ ಮಸಿ ಕಲಸಿದಷ್ಟು ಕಪ್ಪಗೆ ಬಂತು. ಡೆನಿ ಇದೆಲ್ಲವನ್ನೂ ಪ್ರಾಮಾಣಿಕವಾಗಿ ಬರೆದಿಟ್ಟರು. ಆದರೆ ಕೆಟ್ಟದ್ದೆಲ್ಲ ಹೊರಗೆ ಹೋಗುತ್ತಿದೆ, ಒಳ್ಳೆಯ ಲಕ್ಷಣ ಅಂದುಕೊಂಡರು.

ಮುಂದಿನ ವರ್ಷ ಮೂರನೇ ಸಲ ಪ್ರಯತ್ನಿಸಿದಾಗ ಮೊರ್ವಾ ಸತ್ತ. ವಿಷಯ ಕೋರ್ಟಿಗೆ ಹೋಯಿತು. ಹೆಂಡತಿ ವಿಷ ಹಾಕಿದ್ದಾಳೆ ಅಂತ ಹೇಳಿ ಡೆನಿಯನ್ನು ಬಿಟ್ಟರು. ಆದರೆ ಪ್ಯಾರಿಸ್ಸಿನ ವೈದ್ಯಕೀಯ ಮಂಡಳಿಯ ಒಪ್ಪಿಗೆ ಇಲ್ಲದೆ ರಕ್ತ ಏರಿಸಬಾರದು ಎಂದು ಅದೇ ತೀರ್ಪು ಹೇಳಿತು. ಆ ಮಂಡಳಿಗೆ ಡೆನಿ ಕಂಡರೆ ಆಗುತ್ತಿರಲಿಲ್ಲ. ಅಲ್ಲಿಗೆ ಯುರೋಪಿನಲ್ಲಿ ಈ ಕೆಲಸ ನೂರೈವತ್ತು ವರ್ಷ ನಿಂತುಹೋಯಿತು.

ಲ್ಯಾಬ್ ಟೆಕ್ನಿಷಿಯನ್:

ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವವಳಾಗಿ ಆ ಕಪ್ಪು ಮೂತ್ರದ ಬಗ್ಗೆ ಹೇಳಲೇಬೇಕು. ಇವತ್ತು ಯಾವ ನರ್ಸ್ ಆ ವರ್ಣನೆ ಓದಿದರೂ ತಕ್ಷಣ ಹೇಳುತ್ತಾರೆ: ರಕ್ತ ನಿಲ್ಲಿಸಿ.

ನಮ್ಮ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ, ಹೊರಗಿನದನ್ನು ಎದುರಿಸುವ ಪ್ರತಿಕಾಯಗಳಿರುತ್ತವೆ. ಹೊಂದದ ಕೆಂಪುಕಣ ಒಳಗೆ ಬಂದರೆ ಅವು ಹೋಗಿ ಅಂಟಿಕೊಳ್ಳುತ್ತವೆ. ಕಣ ರಕ್ತನಾಳದೊಳಗೇ ಒಡೆಯುತ್ತದೆ. ಒಳಗಿದ್ದ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಹೊರಗೆ ಬಂದು ಮೂತ್ರಪಿಂಡದ ಮೂಲಕ ಸೋಸುತ್ತದೆ. ಅದಕ್ಕೇ ಮೂತ್ರ ಕಪ್ಪು. ಸೊಂಟ ನೋವು, ಬೆವರು, ವಾಂತಿ, ಚುಚ್ಚಿದ ತೋಳಿನಲ್ಲಿ ಉರಿ, ಎಲ್ಲ ಒಂದೇ ಕಥೆ. ತಪ್ಪು ಗುಂಪಿನ ರಕ್ತ ಹೋದಾಗಲೂ ಇದೇ ಆಗುತ್ತದೆ. ಮೊರ್ವಾ ಎರಡನೇ ಸಲ ಜಾಸ್ತಿ ನರಳಿದ್ದು ಸಹಜ. ಹಾಕಿದ್ದು ಜಾಸ್ತಿ, ಮೇಲಾಗಿ ಮೊದಲ ಸಲವೇ ಮೈ ಎಚ್ಚೆತ್ತಿತ್ತು.

ಒಬ್ಬರ ರಕ್ತ ಇನ್ನೊಬ್ಬರದಕ್ಕೆ ಹೊಂದದಿರುವುದು ಕಣ್ಣಿಗೆ ಹೇಗೆ ಕಾಣುತ್ತದೆ ಗೊತ್ತಾ? ಬಿಳಿ ಟೈಲ್ ಮೇಲೆ ಎರಡು ಕಡೆ ಒಂದೊಂದು ಹನಿ ರಕ್ತ. ಒಂದಕ್ಕೆ ಆಂಟಿ-ಎ, ಅಂದರೆ ಎ ಕಣವನ್ನು ಹಿಡಿಯುವ ಪ್ರತಿಕಾಯದ ದ್ರವ, ಇನ್ನೊಂದಕ್ಕೆ ಬಿ ಕಣವನ್ನು ಹಿಡಿಯುವ ಆಂಟಿ-ಬಿ. ಅದಲುಬದಲಾಗಬಾರದು ಅಂತ ಮೊದಲನೆಯದು ನೀಲಿ, ಎರಡನೆಯದು ಹಳದಿ. ಕಡ್ಡಿಯಿಂದ ಕಲಸಿ ಟೈಲನ್ನು ಮೆಲ್ಲಗೆ ಆಡಿಸಬೇಕು. ಹೊಂದದಿದ್ದರೆ ಕೆಲವೇ ಸೆಕೆಂಡಿನಲ್ಲಿ ನಯವಾಗಿದ್ದ ಕೆಂಪು, ಹಾಲು ಒಡೆದ ಹಾಗೆ ಚೂರು ಚೂರಾಗಿ ನಿಲ್ಲುತ್ತದೆ. ಇಷ್ಟು ವರ್ಷ ನೋಡಿದರೂ ನನಗೆ ಅದು ಬೇಸರ ಬಂದಿಲ್ಲ. ಲ್ಯಾಂಡ್‌ಸ್ಟೈನರ್ ನೋಡಿದ್ದೂ ಇದನ್ನೇ.

ಸುಮ್ನೆ ಓದುಗ:

ತುಂಬಾ ಚೆನ್ನಾಗಿದೆ ಸರ್. ಒಂದು ಪ್ರಶ್ನೆ. 1492ರಲ್ಲಿ ಪೋಪ್ ಎಂಟನೇ ಇನೊಸೆಂಟ್ ಅವರಿಗೆ ಮೂವರು ಹುಡುಗರ ರಕ್ತ ಏರಿಸಿದರು, ಅದೇ ಮೊದಲನೆಯದು ಅಂತ ಎಲ್ಲೋ ಓದಿದ್ದೆ. ಅದು?

ಹಳೆಯ ಪುಟಗಳು:

ಅದು ನಂಬುವ ಕಥೆ ಅಲ್ಲ. ರಕ್ತ ಸುತ್ತುತ್ತದೆ ಎಂಬುದೇ ಗೊತ್ತಿಲ್ಲದ ಕಾಲ ಅದು. ರಕ್ತನಾಳಕ್ಕೆ ಏನನ್ನಾದರೂ ಹಾಕಿದರೆ ಮೈಯೆಲ್ಲ ಹೋಗುತ್ತದೆ ಎಂದು ಯಾರಿಗೂ ಹೊಳೆಯುವ ಹಾಗಿರಲಿಲ್ಲ. ಹಳೆಯ ರೂಪದಲ್ಲಿ ಆ ಕಥೆ ರಕ್ತದಿಂದ ಮಾಡಿದ ಮದ್ದಿನ ಬಗ್ಗೆ ಇದೆ. ಯಹೂದಿ ವೈದ್ಯನ ಮೇಲೆ ಗೂಬೆ ಕೂರಿಸುವ ವಿಷವೂ ಅದರಲ್ಲಿ ಸೇರಿದೆ. ದಯವಿಟ್ಟು ಅದನ್ನು ಮುಂದಕ್ಕೆ ಹಂಚಬೇಡಿ.

ಗಣಿತ ಮೇಷ್ಟ್ರು:

ನೂರೈವತ್ತು ವರ್ಷದ ಮೇಲೆ ಮತ್ತೆ ಶುರು ಮಾಡಿದವರು ಲಂಡನ್ನಿನ ಜೇಮ್ಸ್ ಬ್ಲಂಡೆಲ್. ಅವರನ್ನು ಬಿಟ್ಟು ಮುಂದೆ ಹೋಗಬೇಡಿ. ನನಗೆ ಈ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಮನುಷ್ಯ ಅವರೇ.

ಅವರು ಹೆರಿಗೆ ಮಾಡಿಸುವ ಡಾಕ್ಟರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಬಾಣಂತಿಯರು ಸಾಯುವುದನ್ನು ಕಣ್ಣಾರೆ ನೋಡಿದವರು. ಪ್ರಶ್ನೆ ಬದಲಾದದ್ದು ಅಲ್ಲಿ. ಸ್ವಭಾವ ತಿದ್ದುವ ಮಾತು ಹೋಯಿತು, ಹೋದ ರಕ್ತವನ್ನು ತುಂಬುವ ಮಾತು ಬಂತು. ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಬೇರೆ ಜಾತಿಯ ಪ್ರಾಣಿಯ ರಕ್ತ ಹಾಕಿದರೆ ಕೆಡುಕೇ ಆಗುತ್ತದೆ, ಮನುಷ್ಯನಿಗೆ ಮನುಷ್ಯನ ರಕ್ತವೇ ಬೇಕು ಎಂದು ಗಟ್ಟಿಯಾಗಿ ಹೇಳಿದರು. ಎಡಿನ್‌ಬರೋದ ಜಾನ್ ಲೀಕಾಕ್ ಇದನ್ನು ಅವರಿಗಿಂತ ಮುಂಚೆಯೇ ತೋರಿಸಿದ್ದರು. ಬ್ಲಂಡೆಲ್ ಅದನ್ನು ಒಪ್ಪಿಕೊಂಡೇ ಮುಂದುವರಿದರು. 1818ರ ಡಿಸೆಂಬರಿನಲ್ಲಿ ಹೊಟ್ಟೆಯ ಕ್ಯಾನ್ಸರಿನ ರೋಗಿಗೆ ಮನುಷ್ಯರ ರಕ್ತ ಹಾಕಿದರು. ಅವನು 56 ಗಂಟೆ ಬದುಕಿದ್ದ. 1829ರಲ್ಲಿ ಬಾಣಂತಿಯೊಬ್ಬರು ಪೂರ್ತಿ ಚೇತರಿಸಿಕೊಂಡ ವರದಿ ಅಚ್ಚಾಯಿತು.

ಅವರು ಹತ್ತು ಜನಕ್ಕೆ ರಕ್ತ ಹಾಕಿ ಐದು ಜನ ಉಳಿದರು ಎನ್ನುತ್ತಾರೆ. ಗುಂಪೇ ಗೊತ್ತಿಲ್ಲದೆ ಅರ್ಧ ಜನ ಹೇಗೆ ಉಳಿದರು? ಲೆಕ್ಕ ಹಾಕಿ ನೋಡೋಣ. ಯುರೋಪಿನ ಜನರಲ್ಲಿ ಸರಿಸುಮಾರು 45% ಓ, 40% ಎ, 11% ಬಿ, 4% ಎಬಿ ಎಂದಿಟ್ಟುಕೊಳ್ಳಿ. ಓ ಗುಂಪಿನ ರೋಗಿಗೆ ಓ ಮಾತ್ರ ಆಗುತ್ತದೆ: 0.45 × 0.45, ಅಂದರೆ 0.20. ಎ ಗುಂಪಿನವರಿಗೆ ಎ ಅಥವಾ ಓ: 0.40 × 0.85, ಅಂದರೆ 0.34. ಬಿ ಗುಂಪಿನವರಿಗೆ ಬಿ ಅಥವಾ ಓ: 0.11 × 0.56, ಅಂದರೆ 0.06. ಎಬಿಗೆ ಯಾರದಾದರೂ ಸರಿ: 0.04. ಕೂಡಿದರೆ 0.64.

ಕಣ್ಣು ಮುಚ್ಚಿ ಯಾರ ರಕ್ತ ಹಾಕಿದರೂ ಮೂರರಲ್ಲಿ ಸುಮಾರು ಎರಡು ಸಲ ಹೊಂದುತ್ತದೆ! ಇದೇ ದೊಡ್ಡ ಮೋಸ. ಪ್ರತಿ ಸಲ ಸತ್ತಿದ್ದರೆ ಬೇಗ ಕೈಬಿಡುತ್ತಿದ್ದರು. ಪ್ರತಿ ಸಲ ಬದುಕಿದ್ದರೆ ಎಲ್ಲರೂ ಮಾಡುತ್ತಿದ್ದರು. ಒಮ್ಮೆ ಪವಾಡ, ಒಮ್ಮೆ ಸಾವು ಎಂದಾದಾಗ ಕಾರಣ ಹುಡುಕುವುದು ತುಂಬಾ ಕಷ್ಟ. ರೋಗಿ ಮೊದಲೇ ಸಾಯುವ ಸ್ಥಿತಿಯಲ್ಲಿ ಇರುತ್ತಿದ್ದರಲ್ಲ, ಸತ್ತರೆ ಕಾಯಿಲೆಯಿಂದ ಸತ್ತರು ಅಂತಲೂ ಹೇಳಬಹುದಿತ್ತು.

ಎಂಬಿಬಿಎಸ್ ಹುಡುಗಿ:

ಮೇಷ್ಟ್ರೇ, ಆ ಲೆಕ್ಕ ನೋಡಿ ಮೈ ಜುಮ್ಮೆಂದಿತು. ನಮಗೆ ಕ್ಲಾಸಿನಲ್ಲಿ ಯಾರೂ ಹೀಗೆ ಹೇಳಿಕೊಟ್ಟಿಲ್ಲ.

ಆ ಗೊಂದಲ ಎಷ್ಟಿತ್ತು ಎಂದರೆ, ರಕ್ತದ ಸಹವಾಸವೇ ಬೇಡ ಅಂತ ಹಾಲು ಹಾಕಿದವರೂ ಇದ್ದರು. 1854ರಲ್ಲಿ ಟೊರಾಂಟೊದಲ್ಲಿ ಕಾಲರಾ ಬಂದಾಗ ಬೋವೆಲ್ ಮತ್ತು ಹಾಡರ್ ಎಂಬ ಡಾಕ್ಟರುಗಳು ರೋಗಿಗಳ ರಕ್ತನಾಳಕ್ಕೆ ಹಸುವಿನ ಹಾಲು ಹಾಕಿದರು. ಹಾಲಿನ ಕಣಗಳು ರಕ್ತದ ಕಣಗಳಾಗುತ್ತವೆ ಎಂಬ ನಂಬಿಕೆ. 1870ರ ದಶಕದಲ್ಲಿ ಅಮೆರಿಕದಲ್ಲಿ ಇದು ಮತ್ತೆ ಓಡಾಡಿತು. ಕೊನೆಗೆ ಉಪ್ಪುನೀರು, ಅಂದರೆ ಸಲೈನ್, ಅದರ ಜಾಗಕ್ಕೆ ಬಂತು.

ಆದರೆ ಹಳೆಯ ಪುಟಗಳು ಸರ್, ನೀವು ಲ್ಯಾಂಡ್‌ಸ್ಟೈನರ್‌ಗೆ ಸ್ವಲ್ಪ ಅನ್ಯಾಯ ಮಾಡಿದಿರಿ ಅನಿಸುತ್ತದೆ. ಅವರು ತಮ್ಮದೂ ಸೇರಿ ಲ್ಯಾಬಿನ ಆರು ಜನರ ರಕ್ತ ತೆಗೆದುಕೊಂಡು, ಕಣವನ್ನೂ ಸೀರಂ ಅನ್ನೂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಬೇರೆ ಮಾಡಿ, ಎಲ್ಲವನ್ನೂ ಎಲ್ಲದರ ಜೊತೆ ಬೆರೆಸಿ ಪಟ್ಟಿ ಮಾಡಿದರು. ರೋಗಿಗಳಲ್ಲ, ಆರೋಗ್ಯವಂತರು. ಗಂಟುಕಟ್ಟುವುದು ಕಾಯಿಲೆಯಿಂದ ಅಂತ ಎಲ್ಲರೂ ಅಂದುಕೊಂಡಿದ್ದಾಗ ಅದು ಹುಟ್ಟುಗುಣ ಎಂದು ತೋರಿಸಿದರು. ರಕ್ತ ಏರಿಸಿದಾಗ ಒಮ್ಮೆ ಒಂದು ಥರ, ಒಮ್ಮೆ ಇನ್ನೊಂದು ಥರ ಆಗುವುದಕ್ಕೆ ಇದು ಕಾರಣ ಇರಬಹುದು ಎಂದು ಆ ಲೇಖನದ ಕೊನೆಗೆ ಅವರೇ ಬರೆದಿದ್ದಾರೆ. ಮೇಷ್ಟ್ರು ಹೇಳಿದ ಒಗಟಿಗೆ ನೇರ ಉತ್ತರ ಅದು. ಇದಕ್ಕಿಂತ ಇನ್ನೇನು ಮಾಡಬೇಕಿತ್ತು? ಎಬಿ ಗುಂಪು ಮಾತ್ರ ಆ ಆರು ಜನರಲ್ಲಿ ಇರಲಿಲ್ಲ. ಅದನ್ನು 1902ರಲ್ಲಿ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಕಂಡರು.

ನ್ಯೂಯಾರ್ಕಿನ ರೂಬೆನ್ ಆಟನ್‌ಬರ್ಗ್ 1907ರಲ್ಲೇ ರಕ್ತ ಹೊಂದುತ್ತದಾ ಅಂತ ಮೊದಲೇ ಪರೀಕ್ಷಿಸಿ ಹಾಕಿದರು. ಅಂದಮೇಲೆ ಯಾರೂ ಬಳಸಲೇ ಇಲ್ಲ ಅನ್ನುವ ಹಾಗಿಲ್ಲ. ಇನ್ನೊಂದು ತೊಡಕೂ ಇತ್ತು. 1907ರಲ್ಲಿ ಯಾನ್ ಯಾನ್ಸ್ಕಿ ಗುಂಪುಗಳಿಗೆ 1ರಿಂದ 4ರವರೆಗೆ ನಂಬರ್ ಕೊಟ್ಟರು. 1910ರಲ್ಲಿ ವಿಲಿಯಂ ಮಾಸ್ ಕೂಡ ನಂಬರ್ ಕೊಟ್ಟರು, ಆದರೆ ತಲೆಕೆಳಗಾಗಿ. ಯಾನ್ಸ್ಕಿ ಪ್ರಕಾರ 1 ಅಂದರೆ ಓ. ಮಾಸ್ ಪ್ರಕಾರ 1 ಅಂದರೆ ಎಬಿ. ಒಂದು ಆಸ್ಪತ್ರೆಯ ಚೀಟಿ ಇನ್ನೊಂದು ಆಸ್ಪತ್ರೆಗೆ ಹೋದರೆ ಏನಾಗಬಹುದು ಯೋಚಿಸಿ.

ಹಳೆಯ ಪುಟಗಳು:

ಒಳ್ಳೆಯ ಮಾತು ಹೇಳಿದೆಯಮ್ಮ. ಲ್ಯಾಂಡ್‌ಸ್ಟೈನರ್ ಸಣ್ಣವರು ಅಂತ ನಾನು ಹೇಳುತ್ತಿಲ್ಲ. ಆದರೆ ಆಟನ್‌ಬರ್ಗ್ ಕಾಲದಲ್ಲಿ ರಕ್ತ ಏರಿಸುವುದು ಹೇಗಿತ್ತು ನೋಡು.

1908, ನ್ಯೂಯಾರ್ಕ್. ಹುಟ್ಟಿ ಕೆಲವೇ ದಿನವಾದ ಹೆಣ್ಣುಮಗು. ಒಳಗೆ ರಕ್ತ ಸೋರಿ ಬಿಳಿಚಿಕೊಂಡಿದೆ. ತಂದೆಯೇ ಸರ್ಜನ್. ಅಲೆಕ್ಸಿಸ್ ಕ್ಯಾರೆಲ್ ಅವರನ್ನು ಕರೆಸಿದರು. ರಕ್ತನಾಳ ಹೊಲಿಯುವುದರಲ್ಲಿ ಅವರಷ್ಟು ಕೈಪಳಗಿದವರು ಯಾರೂ ಇರಲಿಲ್ಲ. ತಂದೆಯ ಮಣಿಕಟ್ಟಿನ ರಕ್ತನಾಳವನ್ನು ಮಗುವಿನ ಕಾಲಿನ ರಕ್ತನಾಳಕ್ಕೆ ಹೊಲಿದರು. ಮಗುವಿನ ಆ ನಾಳ ಎಷ್ಟು ತೆಳ್ಳಗಿರಬಹುದು ಊಹಿಸಿ. ರಕ್ತ ಹರಿಯಿತು. ಎಷ್ಟು ಹೋಯಿತು? ಅಳೆಯಲು ದಾರಿಯೇ ಇಲ್ಲ. ಮಗುವಿನ ಮೈ ಕೆಂಪೇರುವುದನ್ನು ನೋಡಿ ಸಾಕು ಎಂದು ನಿಲ್ಲಿಸಿದರು. ಮಗು ಉಳಿಯಿತು. ಕ್ಯಾರೆಲ್‌ಗೆ 1912ರಲ್ಲಿ ನೊಬೆಲ್ ಬಂತು.

ಈಗ ಹೇಳು, ಇದನ್ನು ಎಷ್ಟು ಕಡೆ ಮಾಡಲು ಸಾಧ್ಯ? ಕೊಡುವವರು ಪಕ್ಕದಲ್ಲೇ ಮಲಗಬೇಕು. ಅವರ ಕೈ ಕೊಯ್ಯಬೇಕು. ಆ ರಕ್ತನಾಳ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಹೊಲಿಯಲು ನುರಿತ ಕೈ ಬೇಕು. ಇಷ್ಟೆಲ್ಲ ಪಾಡು ಯಾತಕ್ಕೆ? ರಕ್ತ ಹೊರಗೆ ಬಂದ ಕೆಲವೇ ನಿಮಿಷಕ್ಕೆ ಹೆಪ್ಪುಗಟ್ಟುತ್ತದೆ, ಅದಕ್ಕೆ. ಲಕ್ಷಾಂತರ ಜನಕ್ಕೆ ರಕ್ತ ಏರಿಸುವ ಕಾಲದಲ್ಲಿ ಗುಂಪಿನ ಪರೀಕ್ಷೆ ಅನಿವಾರ್ಯ. ಅಲ್ಲೊಂದು ಇಲ್ಲೊಂದು ನಡೆಯುವ ಕಾಲದಲ್ಲಿ ಅದರ ಬೆಲೆ ಯಾರಿಗೂ ಕಾಣಲಿಲ್ಲ. ನನ್ನ ವಾದ ಇದು.

1914ರಲ್ಲಿ ಗಂಟು ಬಿಚ್ಚಿತು. ಬ್ರಸೆಲ್ಸ್‌ನ ಆಲ್ಬರ್ಟ್ ಹುಸ್ಟಿನ್ ಮಾರ್ಚಿನಲ್ಲಿ, ಬ್ಯೂನಸ್ ಐರಿಸ್‌ನ ಲೂಯಿಸ್ ಅಗೋಟೆ ನವೆಂಬರಿನಲ್ಲಿ, ಸಿಟ್ರೇಟ್ ಬೆರೆಸಿದ ರಕ್ತವನ್ನು ರೋಗಿಗೆ ಕೊಟ್ಟರು. ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಸಿಗದೆ ಹೆಪ್ಪು ಕಟ್ಟುವುದಿಲ್ಲ. ಲ್ಯಾಬಿನಲ್ಲಿ ಇದು ಮುಂಚೆಯೇ ಗೊತ್ತಿತ್ತು. ಆದರೆ ಅಲ್ಲಿ ಬಳಸುವಷ್ಟು ಮನುಷ್ಯನಿಗೆ ಕೊಟ್ಟರೆ ವಿಷ ಎಂಬ ಭಯ. ನ್ಯೂಯಾರ್ಕಿನ ರಿಚರ್ಡ್ ಲೂಯಿಸೋನ್ 1915ರಲ್ಲಿ ತಾಳ್ಮೆಯಿಂದ ಪ್ರಮಾಣ ಕಡಿಮೆ ಮಾಡುತ್ತಾ ಬಂದು, 0.2% ಸಾಕು, ಅಪಾಯ ಇಲ್ಲ ಎಂದು ತೋರಿಸಿದರು. ಇಂಥ ಕೆಲಸಕ್ಕೆ ಹೆಸರು ಬರುವುದಿಲ್ಲ. ಆದರೆ ಅಲ್ಲಿಂದಾಚೆ ಕೊಡುವವರು ಒಂದು ಕೋಣೆಯಲ್ಲಿ, ತೆಗೆದುಕೊಳ್ಳುವವರು ಇನ್ನೊಂದು ಕೋಣೆಯಲ್ಲಿ ಇರಬಹುದಾಯಿತು. 1916ರಲ್ಲಿ ಪೇಟನ್ ರೌಸ್ ಮತ್ತು ಟರ್ನರ್ ಸಿಟ್ರೇಟಿಗೆ ಗ್ಲೂಕೋಸ್ ಸೇರಿಸಿದರು. ಕಣಗಳು ವಾರಗಟ್ಟಲೆ ಉಳಿದವು. ಕ್ಯಾನ್ಸರ್ ತರುವ ವೈರಸ್‌ಗಾಗಿ 1966ರಲ್ಲಿ ನೊಬೆಲ್ ಪಡೆದ ಅದೇ ರೌಸ್.

ಆಮೇಲೆ ಮಹಾಯುದ್ಧ. 1917ರಲ್ಲಿ ಆಸ್ವಾಲ್ಡ್ ರಾಬರ್ಟ್‌ಸನ್ ಎಂಬ ಅಮೆರಿಕದ ಸೇನಾ ವೈದ್ಯ ಓ ಗುಂಪಿನ ರಕ್ತವನ್ನು ಮೊದಲೇ ತೆಗೆದು, ಗಾಜಿನ ಬಾಟಲಿಯಲ್ಲಿ ತುಂಬಿ, ಮದ್ದುಗುಂಡಿನ ಪೆಟ್ಟಿಗೆಯಲ್ಲಿ ಐಸ್ ಹಾಕಿ ಇಟ್ಟರು. ಫ್ರಾನ್ಸಿನ ಕಾಂಬ್ರೇ ಯುದ್ಧದಲ್ಲಿ ಗಾಯಾಳುಗಳು ಬಂದಾಗ ರಕ್ತ ತಯಾರಾಗಿತ್ತು. ಗುಂಪು, ಸಿಟ್ರೇಟ್, ತಂಪು ಮೂರೂ ಒಟ್ಟಿಗೆ ಸೇರಿದ್ದು ಅಲ್ಲಿ. ಬ್ಲಡ್ ಬ್ಯಾಂಕಿನ ಬೀಜ ಅದೇ. ಆ ಹೆಸರು ಬಂದದ್ದು ಮಾತ್ರ 1937ರಲ್ಲಿ, ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ಬರ್ನಾರ್ಡ್ ಫ್ಯಾಂಟಸ್ ಅವರಿಂದ.

ಗಣಿತ ಮೇಷ್ಟ್ರು:

ಈ ನಡುವೆ ಮಾಸ್ಕೋದ ಸೆರ್ಗೆಯ್ ಯೂದಿನ್ ಅವರನ್ನೂ ಸೇರಿಸಿ. 1930ರಲ್ಲಿ ಅವರು ಆಗತಾನೇ ಸತ್ತವರ ಮೈಯಿಂದ ರಕ್ತ ತೆಗೆದು ರೋಗಿಯನ್ನು ಉಳಿಸಿದರು. ದಿಢೀರ್ ಸತ್ತವರ ರಕ್ತ ಮೊದಲು ಹೆಪ್ಪುಗಟ್ಟಿ ಆಮೇಲೆ ತಾನಾಗಿಯೇ ಕರಗುತ್ತದೆ. ಮತ್ತೆ ಹೆಪ್ಪುಗಟ್ಟುವುದಿಲ್ಲ. ಸಿಟ್ರೇಟೇ ಬೇಡ! ಬೇರೆ ದೇಶಗಳಲ್ಲಿ ಇದು ನಡೆಯಲಿಲ್ಲ, ಜನರ ಮನಸ್ಸು ಒಪ್ಪಲಿಲ್ಲ. ಆದರೆ ರಕ್ತವನ್ನು ಕೂಡಿಡಬಹುದು ಎಂಬ ಧೈರ್ಯ ಹುಟ್ಟಿಸಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಬಾರ್ಸಿಲೋನಾದ ಫ್ರೆಡರಿಕ್ ಡುರಾನ್-ಜೋರ್ಡಾ, ಮ್ಯಾಡ್ರಿಡ್‌ನಲ್ಲಿ ಕೆನಡಾದ ನಾರ್ಮನ್ ಬೆಥೂನ್ ಬಾಟಲಿ ರಕ್ತವನ್ನು ಗಾಡಿಯಲ್ಲಿ ರಣರಂಗದ ಹತ್ತಿರಕ್ಕೇ ಒಯ್ದರು.

ಓ ನೆಗೆಟಿವ್:

ಎಲ್ಲರೂ ಡಾಕ್ಟರುಗಳ ಬಗ್ಗೆಯೇ ಹೇಳುತ್ತಿದ್ದೀರಿ. ರಕ್ತ ಕೊಟ್ಟವರ ಚರಿತ್ರೆ ಎಲ್ಲಿ? ನಾನು ವರ್ಷಗಳಿಂದ ರಕ್ತ ಕೊಡುತ್ತಿದ್ದೇನೆ, ಅದಕ್ಕೆ ಕೇಳುತ್ತಿದ್ದೇನೆ.

ನನಗೆ ಗೊತ್ತಿರುವ ಒಬ್ಬರ ಬಗ್ಗೆ ಹೇಳುತ್ತೇನೆ. ಪರ್ಸಿ ಆಲಿವರ್. ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ರೆಡ್ ಕ್ರಾಸ್ ಕೆಲಸ ನೋಡಿಕೊಳ್ಳುತ್ತಿದ್ದ ಸರ್ಕಾರಿ ನೌಕರ, ಡಾಕ್ಟರ್ ಅಲ್ಲ. 1921ರ ಅಕ್ಟೋಬರಿನಲ್ಲಿ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ಫೋನ್ ಬಂತು, ತುರ್ತಾಗಿ ರಕ್ತ ಬೇಕು ಅಂತ. ಅವರು ಇನ್ನೂ ಕೆಲವರನ್ನು ಕರೆದುಕೊಂಡು ಹೋದರು. ಒಬ್ಬ ನರ್ಸ್ ರಕ್ತ ಹೊಂದಿತು. ಮನೆಗೆ ಬಂದ ಮೇಲೆ ಆಲಿವರ್ ಯೋಚನೆ ಮಾಡಿದರು: ಪ್ರತಿ ಸಲ ಹೀಗೆ ಹುಡುಕಾಡುವ ಬದಲು, ಗುಂಪು ನೋಡಿಟ್ಟುಕೊಂಡ ಜನರ ಪಟ್ಟಿ ಇದ್ದರೆ? ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಕಾರ್ಡ್ ಇಟ್ಟು, ಫೋನ್ ಎತ್ತಿ ಅದನ್ನು ನಡೆಸಿದರು. ಕೊಡುವವರಿಗೆ ದುಡ್ಡಿಲ್ಲ. ಸ್ವಯಂಪ್ರೇರಿತ ರಕ್ತದಾನದ ಎಷ್ಟೋ ಸಂಘಟನೆಗಳಿಗೆ ಮಾದರಿ ಇದೇ.

ಇನ್ನೊಬ್ಬರು ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್. 14ನೇ ವಯಸ್ಸಿನಲ್ಲಿ ಎದೆಯ ಆಪರೇಷನ್ ಆಗಿ ಬೇರೆಯವರ ರಕ್ತದಿಂದ ಬದುಕಿದವರು. ದೊಡ್ಡವರಾದ ಮೇಲೆ 1,173 ಸಲ ಕೊಟ್ಟರು. ಅವರ ಪ್ಲಾಸ್ಮಾದಲ್ಲಿ ಆಂಟಿ-ಡಿ ಎಂಬ ವಿಶೇಷ ಪ್ರತಿಕಾಯ ಇತ್ತಂತೆ. ಅದು ಏನು ಅಂತ ಟೆಕ್ನಿಷಿಯನ್ ಮೇಡಂ ಹೇಳಬೇಕು. ಹಾಗೇ, ನಮ್ಮ ಓ ನೆಗೆಟಿವ್ ನಿಜವಾಗಿಯೂ ಎಲ್ಲರಿಗೂ ಆಗುತ್ತದಾ?

ಲ್ಯಾಬ್ ಟೆಕ್ನಿಷಿಯನ್:

ಆಂಟಿ-ಡಿ ಕಥೆ ಒಂದು ದುಃಖದಿಂದ ಶುರುವಾಗುತ್ತದೆ. ನ್ಯೂಯಾರ್ಕಿನಲ್ಲಿ ಒಬ್ಬ ತಾಯಿಗೆ ಹೊಟ್ಟೆಯಲ್ಲೇ ಮಗು ಸತ್ತಿತು. ಆಕೆಗೆ ಗಂಡನ ರಕ್ತ ಏರಿಸಿದರು. ಇಬ್ಬರದೂ ಓ. ಹೊಂದಲೇಬೇಕಿತ್ತು, ಆದರೆ ಕೆಟ್ಟ ರಿಯಾಕ್ಷನ್ ಆಯಿತು. 1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್ ಸರಿಯಾಗಿ ಊಹಿಸಿದರು: ಮಗು ತಂದೆಯಿಂದ ಪಡೆದ ಏನೋ ಒಂದು ಗುಣ ತಾಯಿಯಲ್ಲಿ ಇಲ್ಲ, ಅದರ ವಿರುದ್ಧ ತಾಯಿಯ ಮೈ ಪ್ರತಿಕಾಯ ಮಾಡಿಕೊಂಡಿದೆ. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಕೋತಿಯ ಕಣಗಳಿಂದ ಆರ್‌ಎಚ್ ಅನ್ನು ವಿವರಿಸಿದರು. ಆಗ ಲ್ಯಾಂಡ್‌ಸ್ಟೈನರ್‌ಗೆ 70 ದಾಟಿತ್ತು! ಆರ್‌ಎಚ್‌ನ ಡಿ ಗುಣ ಇದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್; ಡಿ ವಿರುದ್ಧದ ಪ್ರತಿಕಾಯವೇ ಆಂಟಿ-ಡಿ. ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಇದ್ದರೆ, ಮೊದಲ ಹೆರಿಗೆಯ ನಂತರದ ಮಕ್ಕಳಿಗೆ ಅಪಾಯ. 1960ರ ದಶಕದ ಕೊನೆಗೆ ಆಂಟಿ-ಡಿ ಇಂಜೆಕ್ಷನ್ ಬಂದ ಮೇಲೆ ಅದು ತಪ್ಪಿತು. ಆ ಇಂಜೆಕ್ಷನ್ ತಯಾರಾದದ್ದು ಹ್ಯಾರಿಸನ್ ಅವರಂಥವರ ಪ್ಲಾಸ್ಮಾದಿಂದ.

ನಿಮ್ಮ ಎರಡನೇ ಪ್ರಶ್ನೆ. ತುರ್ತಿನಲ್ಲಿ ಗುಂಪು ಗೊತ್ತಿಲ್ಲದಾಗ ಓ ನೆಗೆಟಿವ್ ಕೆಂಪುಕಣವನ್ನೇ ಕೊಡುತ್ತೇವೆ. ಆದರೆ ಎಲ್ಲರಿಗೂ ಆಗುವುದಿಲ್ಲ. 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪಿನವರಿಗೆ ಓ ಕೂಡ ಆಗದು. ಕೆಂಪುಕಣದ ಮೇಲಿನ ಎ, ಬಿ ಗುರುತು ಎರಡೂ ತಯಾರಾಗುವುದು ಎಚ್ ಎಂಬ ತಳಹದಿಯ ಮೇಲೆ. ಓ ಗುಂಪಿನವರಲ್ಲಿ ಬರೀ ಎಚ್ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಅದೂ ಇಲ್ಲ. ಹಾಗಾಗಿ ಅವರ ಮೈ ಎಚ್ ವಿರುದ್ಧವೇ ತಿರುಗಿಬೀಳುತ್ತದೆ. ಟೈಲ್ ಪರೀಕ್ಷೆಯಲ್ಲಿ ಅವರು ಓ ಥರವೇ ಕಾಣುತ್ತಾರೆ, ಕ್ರಾಸ್ ಮ್ಯಾಚ್ ಮಾಡಿದಾಗ, ಅಂದರೆ ರೋಗಿಯ ಸೀರಂ ಜೊತೆ ಕೊಡುವ ರಕ್ತವನ್ನು ಬೆರೆಸಿ ನೋಡಿದಾಗ, ಯಾವ ಓ ಬಾಟಲಿಯೂ ಹೊಂದುವುದಿಲ್ಲ. ಗುಂಪು ಒಂದೇ ಇದ್ದರೂ ಕ್ರಾಸ್ ಮ್ಯಾಚ್ ಯಾಕೆ ಅಂತ ರೋಗಿಯ ಕಡೆಯವರು ಸಿಟ್ಟು ಮಾಡಿಕೊಳ್ಳುತ್ತಾರೆ. ಇದಕ್ಕೇ.

ಇತಿಹಾಸ ಎಂ.ಎ.:

ರಕ್ತ ಕೊಟ್ಟವರ ಚರಿತ್ರೆ ಎಂದರೆ ಕೊಡಲು ಬಂದು ತಿರಸ್ಕಾರ ಕಂಡವರದೂ ಹೌದು. ಚಾರ್ಲ್ಸ್ ಡ್ರೂ ಅಮೆರಿಕದ ಕಪ್ಪು ವೈದ್ಯ. ಪ್ಲಾಸ್ಮಾ ಕೂಡಿಡುವುದರಲ್ಲಿ ಅವರ ಕಾಲದ ದೊಡ್ಡ ತಜ್ಞ. 1940ರಲ್ಲಿ ಬಾಂಬಿನ ಮಳೆಯಲ್ಲಿದ್ದ ಬ್ರಿಟನ್ನಿಗೆ ನ್ಯೂಯಾರ್ಕಿನಿಂದ ಪ್ಲಾಸ್ಮಾ ಕಳಿಸುವ ಕೆಲಸವನ್ನು ಅವರೇ ನಡೆಸಿದರು. ಆಮೇಲೆ ಅಮೆರಿಕದ ಸೇನೆಗಾಗಿ ರೆಡ್ ಕ್ರಾಸ್ ರಕ್ತ ಕೂಡಿಸಲು ಶುರು ಮಾಡಿದಾಗ ಮೊದಲು ಕಪ್ಪು ಜನರ ರಕ್ತ ಬೇಡವೇ ಬೇಡ ಎಂದರು. 1942ರಲ್ಲಿ ತೆಗೆದುಕೊಂಡರು, ಆದರೆ ಬೇರೆ ಇಟ್ಟರು. ಇದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ ಎಂದು ಡ್ರೂ ಬಹಿರಂಗವಾಗಿ ಹೇಳಿದರು. ರೆಡ್ ಕ್ರಾಸ್ ಆ ಪದ್ಧತಿ ಬಿಟ್ಟದ್ದು 1950ರಲ್ಲಿ. ಅದೇ ವರ್ಷ ಡ್ರೂ ಕಾರು ಅಪಘಾತದಲ್ಲಿ ಹೋದರು.

ಕಪ್ಪು ಬಣ್ಣದವರೆಂದು ಆಸ್ಪತ್ರೆ ಸೇರಿಸಿಕೊಳ್ಳದೆ, ರಕ್ತ ಸಿಗದೆ ಸತ್ತರು ಎಂಬ ಮಾತು ತುಂಬಾ ಹರಡಿದೆ. ಅದು ಸುಳ್ಳು. ಡಾಕ್ಟರುಗಳು ಅವರನ್ನು ಉಳಿಸಲು ಪ್ರಯತ್ನಿಸಿದರು, ಗಾಯ ಅಷ್ಟು ದೊಡ್ಡದಿತ್ತು. ನಿಜವಾಗಿ ನಡೆದದ್ದೇ ಸಾಕಷ್ಟು ಅನ್ಯಾಯ, ಅದಕ್ಕೆ ಸುಳ್ಳು ಸೇರಿಸಬೇಕಾಗಿಲ್ಲ.

ಹಿಮೋಫಿಲಿಯಾ ಮನೆಯವಳು:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಗುಂಪು ಬಂತು, ಸಿಟ್ರೇಟ್ ಬಂತು, ಬ್ಯಾಂಕ್ ಬಂತು ಅಂತ ನಿಲ್ಲಿಸಬೇಡಿ. ನನ್ನ ತಮ್ಮನಿಗೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅವನ ಮೈಯಲ್ಲಿ ಆಗುವುದಿಲ್ಲ. ನಮ್ಮಂಥ ಮನೆಗಳಿಗೆ ರಕ್ತದ ಚರಿತ್ರೆ ಎಂದರೆ ಮೂರನೇ ಗಂಟು. ರಕ್ತದ ಜೊತೆ ಬರುವ ಸೋಂಕು.

1960ರ ದಶಕದಲ್ಲಿ ಜೂಡಿತ್ ಪೂಲ್ ಎಂಬಾಕೆ ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿಟ್ಟ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಭಾಗದಲ್ಲಿ ಫ್ಯಾಕ್ಟರ್ 8 ತುಂಬಾ ಇರುತ್ತದೆ ಎಂದು ಕಂಡರು. ಅದು ವರದಾನ. ಆಮೇಲೆ ಕಂಪನಿಗಳು ಸಾವಿರಾರು ಜನರ ಪ್ಲಾಸ್ಮಾವನ್ನು ಒಂದೇ ಕಡೆ ಸುರಿದು ಪುಡಿ ಮಾಡಿದವು. ಮನೆಯಲ್ಲೇ ಚುಚ್ಚಿಕೊಳ್ಳಬಹುದಿತ್ತು. ಆದರೆ ಆ ಸಾವಿರಾರು ಜನರಲ್ಲಿ ಒಬ್ಬರಿಗೆ ಸೋಂಕಿದ್ದರೂ ಸಾಕು, ಇಡೀ ಬ್ಯಾಚ್ ವಿಷ. ಅಮೆರಿಕದಲ್ಲಿ ಪ್ಲಾಸ್ಮಾವನ್ನು ದುಡ್ಡು ಕೊಟ್ಟು, ಜೈಲುಗಳಿಂದ ಕೂಡ, ಕೊಳ್ಳುತ್ತಿದ್ದರು. ಹೆಪಟೈಟಿಸ್ ಎಂಬ ಯಕೃತ್ತಿನ ಸೋಂಕು ಬಂತು, ಆಮೇಲೆ ಎಚ್‌ಐವಿ. ಎಚ್‌ಐವಿಗೆ ರಕ್ತ ಪರೀಕ್ಷೆ ಬಂದದ್ದು 1985ರಲ್ಲಿ. ಹೆಪಟೈಟಿಸ್ ಸಿ ವೈರಸ್ ಗುರುತಿಸಿದ್ದೇ 1989ರಲ್ಲಿ.

ಬ್ರಿಟನ್ನಿನಲ್ಲಿ 30,000ಕ್ಕೂ ಹೆಚ್ಚು ಜನಕ್ಕೆ ರಕ್ತ ಮತ್ತು ರಕ್ತದ ಔಷಧಿಗಳಿಂದ ಸೋಂಕು ತಗಲಿತು. 3,000ದಷ್ಟು ಜನ ಸತ್ತರು. ವಿಚಾರಣಾ ವರದಿ ಬಂದದ್ದು 2024ರ ಮೇ ತಿಂಗಳಲ್ಲಿ. ಇದು ಆಕಸ್ಮಿಕ ಅಲ್ಲ, ತಪ್ಪಿಸಬಹುದಿತ್ತು, ಆಮೇಲೆ ಮುಚ್ಚಿಟ್ಟರು ಎಂದು ಆ ವರದಿ ಹೇಳಿದೆ. ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆ ತಾಯಂದಿರು ಅದನ್ನು ಕೇಳಲು ಬದುಕಿರಲಿಲ್ಲ. ನನಗೆ ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಹಳೆಯ ಪುಟಗಳು:

ತಂಗಿ, ಬರೆದದ್ದಕ್ಕೆ ಥ್ಯಾಂಕ್ಸ್. ಈ ಭಾಗವಿಲ್ಲದೆ ಮೇಲಿನ ನನ್ನ ಬರಹ ಅರ್ಧವೇ. ತಮ್ಮ ಈಗ ಹೇಗಿದ್ದಾರೆ?

ಹಿಮೋಫಿಲಿಯಾ ಮನೆಯವಳು:

ಚೆನ್ನಾಗಿದ್ದಾನೆ ಅಣ್ಣ. ಈಗ ಜೀನ್ ತಂತ್ರದಿಂದ ಲ್ಯಾಬಿನಲ್ಲೇ ತಯಾರಿಸಿದ ಫ್ಯಾಕ್ಟರ್ ಸಿಗುತ್ತದೆ, ಮನುಷ್ಯರ ಪ್ಲಾಸ್ಮಾ ಬೇಕಿಲ್ಲ.

ಎಂಬಿಬಿಎಸ್ ಹುಡುಗಿ:

ಅಕ್ಕ ಹೇಳಿದ್ದರ ಫಲವೋ ಏನೋ, ರಕ್ತ ಯಾವಾಗ ಬೇಡ ಎಂಬ ಪ್ರಶ್ನೆಯನ್ನು ಡಾಕ್ಟರುಗಳು ಗಂಭೀರವಾಗಿ ಕೇಳಿಕೊಂಡದ್ದೂ ಆಮೇಲೆಯೇ. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆಯಾದರೆ ರಕ್ತ ಹಾಕು ಅನ್ನುವುದು ಬಹಳ ಕಾಲ ನಡೆದುಬಂದ ರೂಢಿ. 1999ರಲ್ಲಿ ಕೆನಡಾದ ಎಬೇರ್ ಮತ್ತು ತಂಡ ಐಸಿಯುನ 838 ರೋಗಿಗಳಲ್ಲಿ ಹೋಲಿಸಿ ನೋಡಿದರು. 7ಕ್ಕಿಂತ ಕೆಳಗೆ ಇಳಿದಾಗ ಮಾತ್ರ ರಕ್ತ ಕೊಟ್ಟವರೂ ಅಷ್ಟೇ ಚೆನ್ನಾಗಿ ಉಳಿದರು. ಈಗ ನಮಗೆ ಹೇಳಿಕೊಡುವುದು ಅದನ್ನೇ. ಹೃದಯದ ತೊಂದರೆ ಇದ್ದವರಿಗೆ, ರಕ್ತ ಸೋರುತ್ತಿರುವವರಿಗೆ ಲೆಕ್ಕ ಬೇರೆ.

ಓ ನೆಗೆಟಿವ್:

ಹಾಗಾದರೆ ರಕ್ತ ಕೊಡುವ ಅಗತ್ಯ ಕಡಿಮೆಯಾಯಿತಾ? ಮೂರು ತಿಂಗಳಿಗೊಮ್ಮೆ ಕೊಡುವುದನ್ನು ಬಿಡಬಹುದಾ?

ಲ್ಯಾಬ್ ಟೆಕ್ನಿಷಿಯನ್:

ದಯವಿಟ್ಟು ಬಿಡಬೇಡಿ. ನೀವು ಕೊಡುವ ಒಂದು ಬ್ಯಾಗನ್ನು ನಾವು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ (ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣ) ಅಂತ ಬೇರೆ ಮಾಡುತ್ತೇವೆ. ಕೆಂಪುಕಣ ಫ್ರಿಜ್ಜಿನಲ್ಲಿ 35ರಿಂದ 42 ದಿನ ಇರುತ್ತದೆ. ಪ್ಲಾಸ್ಮಾವನ್ನು ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿಟ್ಟರೆ ಒಂದು ವರ್ಷ. ಪ್ಲೇಟ್‌ಲೆಟ್ ಮಾತ್ರ ಐದೇ ದಿನ. ಅದನ್ನು ಫ್ರಿಜ್ಜಿನಲ್ಲೂ ಇಡುವ ಹಾಗಿಲ್ಲ. ಕೋಣೆಯ ತಾಪದಲ್ಲಿ ಹಗಲೂ ರಾತ್ರಿ ಮೆಲ್ಲಗೆ ಅಲುಗಾಡಿಸುತ್ತಲೇ ಇರಬೇಕು. ಕ್ಯಾನ್ಸರ್ ವಾರ್ಡಿನವರು ಪ್ರತಿದಿನ ಕೇಳುತ್ತಾರೆ. ದೊಡ್ಡ ಶಿಬಿರ ಮಾಡಿ ಒಂದೇ ದಿನ ರಾಶಿ ರಕ್ತ ಕೊಟ್ಟರೆ ಮುಂದಿನ ವಾರಕ್ಕೆ ಪ್ಲೇಟ್‌ಲೆಟ್ ಉಳಿಯುವುದಿಲ್ಲ. ನಿಮ್ಮ ಹಾಗೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುವವರೇ ನಮಗೆ ಬೇಕು. ಮುಂದಿನ ಸಲ ಹೋದಾಗ ಅಫೆರೆಸಿಸ್ ಮೆಷಿನ್ ಇದೆಯಾ ಅಂತ ಕೇಳಿ ನೋಡಿ. ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ನಿಮ್ಮ ಮೈಗೇ ವಾಪಸ್ ಕೊಡುತ್ತಾರೆ. ಒಂದು ಗಂಟೆ, ಕೆಲವೊಮ್ಮೆ ಜಾಸ್ತಿ ಹಿಡಿಯುತ್ತದೆ. ಅದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ಆಸ್ಪಿರಿನ್ ತಗೊಂಡಿದ್ದರೆ ಮೊದಲೇ ಹೇಳಿಬಿಡಿ.